ಬದಲಾಯಿಸದ ನೀರು

ತೊಂಬತ್ತರ ದಶಕದ ಕೊನೆಯಲ್ಲಿ ಗವಿಪುರದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಸಿಮೆಂಟ್ ತೊಟ್ಟಿಯಿತ್ತು. ನನ್ನ ಪಿಎಚ್‌.ಡಿ. ಅದರಲ್ಲಿ ಈಜುತ್ತಿತ್ತು: ಕಪ್ಪಗೆ ಮಿಂಚುವ ಒಂದು ಗಂಡು ಜಿಲೇಬಿ ಮೀನು. ಈರುಳ್ಳಿಗೂ ಮೂಗು ಮುರಿಯುವ ಅಮ್ಮ ಅದನ್ನು ಮನೆಗೆ ಸೇರಿಸಿಕೊಂಡದ್ದೇ ನನ್ನ ಮೊದಲ ಗೆಲುವು.

ಟಿಲಾಪಿಯ ಎಂದೂ ಕರೆಯುವ ಈ ಜಿಲೇಬಿ ನಮ್ಮ ದೇಶದ ಮೀನಲ್ಲ. ಹೊರಗಿನಿಂದ ಬಂದು, ಹಳ್ಳಗಳಲ್ಲಿ ನಮ್ಮ ಮೀನುಗಳಿಗೇ ಜಾಗವಿಲ್ಲದಂತೆ ಮಾಡಿದೆ. ಬಲಿತ ಗಂಡಿನ ಮೂತ್ರದ ವಾಸನೆಗೆ ಮೊಟ್ಟೆಯಿಡಲು ಸಿದ್ಧವಾದ ಹೆಣ್ಣುಗಳು ಹುಡುಕಿಕೊಂಡು ಬರುತ್ತವೆ. ಗಂಡು ಇದ್ದ ನೀರನ್ನು ಹಳ್ಳದ ಬುಟ್ಟಿಬಲೆಯೊಳಗೆ ಹನಿಹನಿಯಾಗಿ ಬಿಟ್ಟರೆ ಅವು ತಾವಾಗಿಯೇ ಬಂದು ಬೀಳಬೇಕು, ಸಂತಾನ ಕಡಿಮೆಯಾಗಬೇಕು ಎಂಬುದು ನನ್ನ ಲೆಕ್ಕ.

ಮೊದಲ ಎರಡು ಸಲವೂ ಬಲೆ ಖಾಲಿ. ಕನಕಪುರ ರಸ್ತೆಯಾಚೆಯ ಹಳ್ಳಕ್ಕೆ ಬಸ್ಸಿನಲ್ಲಿ ಕ್ಯಾನ್ ಹೊತ್ತದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು. "ಮೂರನೇ ಸಲಾನೂ ಹೀಗೇ ಆದ್ರೆ ವಿಷಯ ಬದಲಾಯಿಸ್ಕೊಳ್ಳಿ," ಎಂದರು ಮಾರ್ಗದರ್ಶಕರು.

ಮರುದಿನ ಬೆಳಗ್ಗೆ ಹಿತ್ತಲಿಗೆ ಹೋದರೆ ಅಮ್ಮ ಬಿಂದಿಗೆ ಹಿಡಿದು ತೊಟ್ಟಿಯ ಬಳಿ ನಿಂತಿದ್ದಳು.

"ಏನ್ಮಾಡ್ತಿದೀಯಮ್ಮಾ?"

"ನೀರು ಬದಲಾಯಿಸ್ತಿದೀನಿ ಕಣೆ, ಯಾವಾಗ್ಲೂ ಮಾಡೋ ಹಾಗೆ. ಪಾಪ, ಮೂಕಪ್ರಾಣಿ. ತನ್ನ ಗಲೀಜಲ್ಲೇ ಇರ್ಬೇಕಾ?"

ದಿನ ಬಿಟ್ಟು ದಿನ ಬರುವ ಕಾವೇರಿ ನೀರನ್ನು ಕ್ಲೋರಿನ್ ವಾಸನೆ ಹೋಗಲೆಂದು ತುಂಬಿಟ್ಟು, ಮಾರನೆಯ ದಿನ ತೊಟ್ಟಿಗೆ ಸುರಿಯುತ್ತಿದ್ದಳಂತೆ.

"ನಂಗೆ ಬೇಕಾಗಿರೋದೇ ಆ ಗಲೀಜು," ಎಂದು ರೇಗಿದೆ. ಅಷ್ಟು ಒರಟಾಗಿ ಹೇಳಬಾರದಿತ್ತು.

ಅಮ್ಮನ ಮುಖ ಸಪ್ಪಗಾಯಿತು. "ಅಂದ್ರೆ ಇಷ್ಟು ದಿನ ನಾನೇ ಕೆಡಿಸ್ತಿದ್ನಾ?"

ಆಮೇಲಿನ ಮೂರು ದಿನ ಅಮ್ಮ ತೊಟ್ಟಿಗೆ ಕಾವಲು ಕೂತಳು. ಮೂಗಿಗೆ ಸೆರಗು ಹಿಡಿದು, ಮನೆಗೆಲಸದವಳ ಪೊರಕೆಯನ್ನೂ ಹತ್ತಿರ ಬಿಡಲಿಲ್ಲ. ಮಡಿ ಹೆಂಗಸಿಗೆ ಅದೆಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು.

ಮೂರನೆಯ ಸಲ, ಹೋಲಿಕೆಗೆಂದು ಪಕ್ಕದಲ್ಲಿಟ್ಟಿದ್ದ ಸಾದಾ ನೀರಿನ ಬಲೆಯಲ್ಲಿ ಒಂದು ಏಡಿಯಿತ್ತು. ಗಂಡಿನ ನೀರಿನ ಬಲೆಯಲ್ಲಿ ಹನ್ನೊಂದು ಹೆಣ್ಣು ಜಿಲೇಬಿಗಳು. ಹಳ್ಳದ ಕೆಸರಲ್ಲೇ ಕೂತು ಅತ್ತುಬಿಟ್ಟೆ. ನನ್ನ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು. ಅಮ್ಮನಂತೂ ಗಾಂಧಿ ಬಜಾರಿನ ಹೂವಿನವಳಿಗೂ ಹೇಳಿಬಂದಳು.

ಪ್ರಬಂಧ ಬೈಂಡಾಗಿ ಬಂದ ದಿನ ಇಂಗ್ಲಿಷ್ ಬಾರದ ಅಮ್ಮ ಕೇಳಿದಳು, "ಇದ್ರಲ್ಲಿ ನಾನೆಲ್ಲಿದೀನಿ, ತೋರ್ಸು."

ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿದೆ: ತೊಟ್ಟಿಯ ನೀರನ್ನು ಮೂರು ದಿನ ಬದಲಾಯಿಸಲಿಲ್ಲ.

ಅಮ್ಮ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಡ್ಕೊಂಡಿದ್ದು ನಾನೇ," ಎಂದಳು. ಪುಸ್ತಕವನ್ನು ಎತ್ತಿಕೊಂಡು ಪಕ್ಕದ ಮನೆಯವರಿಗೆ ತೋರಿಸಲು ಹೊರಟಳು.