ದೆವ್ವಕ್ಕೆ ಕೊಟ್ಟ ಲಂಗ ದಾವಣಿ

ಕೊರೊನಾ ಹಾವಳಿ ತಗ್ಗಿ ಚಿತ್ರಮಂದಿರಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನು ಆಗ ಒಂದು ಹಾರರ್ ಚಿತ್ರಕ್ಕೆ ವಸ್ತ್ರ ವಿನ್ಯಾಸಕಿಯಾಗಿದ್ದೆ. ಸಿನಿಮಾದವರ ಮಾತಿನಲ್ಲಿ ಕಾಸ್ಟ್ಯೂಮ್ ಡಿಸೈನರ್. ಅದು ಮೂರು ಭಾಗಗಳ ಸರಣಿಯ ಕೊನೆಯ ಚಿತ್ರ. ಮೊದಲೆರಡು ಭಾಗಗಳಲ್ಲಿ ಪಾಳು ಮನೆಯೊಂದರ ಹುಡುಗಿಯ ದೆವ್ವ ಸಿಕ್ಕಸಿಕ್ಕವರನ್ನು ಕೊಂದು ಪ್ರೇಕ್ಷಕರನ್ನು ನಡುಗಿಸಿತ್ತು. ಮೂರನೆಯದರಲ್ಲಿ ಕಥೆ ಎಂಬತ್ತರ ದಶಕಕ್ಕೆ ಹಿಂದೆ ಹೋಗಿ, ಆ ಹುಡುಗಿ ಬದುಕಿದ್ದಾಗ ಹೇಗಿದ್ದಳು, ದೆವ್ವ ಹೇಗಾದಳು ಎಂದು ತೋರಿಸಿ, ಕಡೆಗೆ ಅವಳನ್ನು ಸುಟ್ಟು ಮುಗಿಸಬೇಕಿತ್ತು. ನಮ್ಮ ನಿರ್ದೇಶಕರಿಗೆ ಭಯದಷ್ಟೇ ಬೆಡಗೂ ಬೇಕು. ಕ್ಯಾಸೆಟ್ಟು, ಉದ್ದ ಕಾಲರಿನ ಅಂಗಿ, ಗುಲಾಬಿ ಗೋಡೆಯ ಮೇಲೆ ಹಸಿರು ಬೆಳಕು. ಪ್ರತಿ ಫ್ರೇಮೂ ಹಳೆಯ ಕ್ಯಾಲೆಂಡರ್ ಚಿತ್ರದ ಹಾಗೆ ಹೊಳೆಯಬೇಕು ಎನ್ನುತ್ತಿದ್ದರು.

ಚಿತ್ರೀಕರಣ ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಹಳೆಯ ಕಲ್ಲುಮನೆಯಲ್ಲಿ. ಹೊಸ ಬಟ್ಟೆಯನ್ನು ಹಳತು ಮಾಡುವುದಕ್ಕೆ ನಾವು ಏಜಿಂಗ್ ಎನ್ನುತ್ತೇವೆ. ಟೀ ನೀರಿನಲ್ಲಿ ಅದ್ದಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಸಿಲಿಗೆ ಹಾಕಿ ಕಣ್ಣಿಗೆ ಮೋಸ ಮಾಡಬಹುದು. ಆದರೆ ಆ ಕಾಲದ ಬಟ್ಟೆ ಮೈಮೇಲೆ ಬೀಳುವ ರೀತಿಯೇ ಬೇರೆ. ಅದಕ್ಕಾಗಿ ಕೊರಟಗೆರೆ, ಕೊಳಾಲ, ಮಧುಗಿರಿಯ ಮನೆಗಳಲ್ಲಿ ಹಳೆಯ ಸೀರೆ, ರವಿಕೆ ಇದ್ದರೆ ಕೊಡಿ ಎಂದು ಕೇಳುತ್ತಾ ಅಲೆದೆ.

ಹಾಗೆ ಮಧುಗಿರಿಯ ಶಿವಲಿಂಗಮ್ಮನವರ ಮನೆಗೆ ಹೋದದ್ದು. ಎಂಬತ್ತರ ಹತ್ತಿರದ ಹೆಂಗಸು, ಹಣೆಯಲ್ಲಿ ವಿಭೂತಿ. ಮಗನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸೊಸೆ, ಮೊಮ್ಮಕ್ಕಳು, ಬಂದು ಹೋಗುವ ನೆಂಟರು ತುಂಬಿದ ಮನೆ. ನಾನು ವಿಷಯ ಹೇಳಿದಾಗ ಅವರು ಒಳಗೆ ಹೋಗಿ ಒಂದು ಜೊತೆ ಬಟ್ಟೆ ತಂದರು. ನವಿಲು ಹಸಿರಿನ ಲಂಗ, ಅರಿಶಿನ ಬಣ್ಣದ ದಾವಣಿ, ಬುಗ್ಗೆ ತೋಳಿನ ರವಿಕೆ.

"ನನ್ ಮಗಳದು. ನಿರ್ಮಲಾ ಅಂತ. ಪಿಯುಸಿ ಓದ್ತಿದ್ಲು," ಎಂದರು. "ಮಿದುಳು ಜ್ವರ ಬಂತು. ತುಮಕೂರಿಗೆ ಕರ್ಕೊಂಡೋಗ್ತಿದ್ವಿ. ಕೊರಟಗೆರೆ ದಾಟ್ತಿದ್ದಂಗೆ ನನ್ ತೊಡೆ ಮ್ಯಾಲೇ ಹೋಗ್ಬುಟ್ಲು."

ನಾನು ಕೂಡಲೇ ಬಟ್ಟೆಯನ್ನು ಅವರ ಮುಂದಕ್ಕೆ ಸರಿಸಿದೆ. "ಬೇಡಮ್ಮ. ಇದು ದೆವ್ವದ ಸಿನಿಮಾ. ಈ ಬಟ್ಟೆ ಹಾಕಿಕೊಳ್ಳುವ ಹುಡುಗಿ ಆಮೇಲೆ ದೆವ್ವ ಆಗ್ತಾಳೆ," ಎಂದು ಬಿಡಿಸಿ ಹೇಳಿದೆ.

"ಆಗ್ಲಿ ಬುಡಮ್ಮ, ನಾಟ್ಕ ತಾನೆ? ಮೂವತ್ತೈದು ವರ್ಸದ ಮ್ಯಾಲಾತು, ಪೆಟ್ಟಿಗೇಲಿ ಮಡಗಿ. ಒಂದ್ಸಲ ಓಡಾಡ್ಲಿ."

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ಆ ಬಟ್ಟೆಯನ್ನು ಮನೆಯವರಿಗೂ ತೋರಿಸಿರಲಿಲ್ಲವಂತೆ.

ನಿರ್ದೇಶಕರು ಆ ಹಸಿರು, ಆ ಹಳದಿ ನೋಡಿ ಕುಣಿದಾಡಿದರು. ಇಡೀ ಚಿತ್ರದ ಬಣ್ಣವನ್ನೇ ಅದಕ್ಕೆ ಹೊಂದಿಸಿದರು. ಬೆಂಕಿಯ ದೃಶ್ಯಕ್ಕೆ ನಾನು ಅದೇ ಬಣ್ಣದ ನಕಲುಗಳನ್ನು ಹೊಲಿಸಿದೆ. ಅಸಲಿಗೆ ಕಿಡಿಯೂ ತಾಗಬಾರದು ಎಂದು ನನ್ನ ತಂಡಕ್ಕೆಲ್ಲ ಹೇಳಿದ್ದೆ, ತಾಗಲೂ ಇಲ್ಲ. ಶಿವಲಿಂಗಮ್ಮನವರನ್ನು ಚಿತ್ರೀಕರಣದ ಕಲ್ಲುಮನೆಗೆ ಕರೆಸಿ ನಕಲುಗಳನ್ನು ಕೈಗೆ ಕೊಟ್ಟು, ಸುಡುವುದು ಇವನ್ನು ಮಾತ್ರ ಎಂದೆ. ಅವರು ಅಂಚು ಮುಟ್ಟಿ ನೋಡಿ ತಲೆಯಾಡಿಸಿದರು.

ಅವತ್ತೇ ನಾಯಕಿ ಮೊದಲ ಸಲ ಆ ಲಂಗ ದಾವಣಿ ಉಟ್ಟು ಹೊರಗೆ ಬಂದಳು. ಬೆಂಗಳೂರಿನ ಹುಡುಗಿ, ಒಳ್ಳೆಯವಳು. ಬಟ್ಟೆಯ ಕಥೆ ಅವಳಿಗೆ ಹೇಳಿದ್ದೆ. ಶಿವಲಿಂಗಮ್ಮ ಕುರ್ಚಿಯಿಂದ ಎದ್ದರು. ದಾವಣಿಯ ನೆರಿಗೆ ಬಿಚ್ಚಿ, ತಾವೇ ಮತ್ತೆ ಹಿಡಿದು, ಸೊಂಟಕ್ಕೆ ಸಿಕ್ಕಿಸಿದರು. "ನಮ್ ಹುಡ್ಗಿ ಹಿಂಗೆ ಉಟ್ಕತಿದ್ಲು," ಎಂದರು. ಆಮೇಲೆ, "ಒಸಿ ನಡ್ದು ತೋರ್ಸವ್ವ," ಎಂದು ಕೇಳಿದರು.

ಅವಳು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದಳು. ತಿರುಗಿ ಬರುವಾಗ ನಕ್ಕಳು. ಲೈಟ್ ಹುಡುಗರು, ಅಡುಗೆಯವರು ಕೆಲಸ ಬಿಟ್ಟು ನೋಡಿದರು. ಶಿವಲಿಂಗಮ್ಮ ಅಳಲಿಲ್ಲ. ಮದುವೆ ಮನೆಯಲ್ಲಿ ನಿಂತವರ ಹಾಗೆ ಮುಖ ಅರಳಿತ್ತು. ನನ್ನ ಕೆಲಸ ಇಷ್ಟು ಸಾರ್ಥಕ ಅನ್ನಿಸಿದ ಇನ್ನೊಂದು ಗಳಿಗೆ ನನಗೆ ನೆನಪಿಲ್ಲ.

ಚಿತ್ರ ಬಿಡುಗಡೆಯಾಗುವವರೆಗೂ ಮುಖ್ಯ ಉಡುಪನ್ನು ಯಾರೂ ಹಿಂದಿರುಗಿಸುವುದಿಲ್ಲ. ಯಾವುದಾದರೂ ಶಾಟ್ ಮತ್ತೆ ತೆಗೆಯಬೇಕಾದರೆ ಅದೇ ಬಟ್ಟೆ ಬೇಕು. ಇದು ಕಂಟಿನ್ಯುಟಿಯ ನಿಯಮ. ಹಾಗಾಗಿ ಲಂಗ ದಾವಣಿ ನನ್ನ ಬಳಿಯೇ ಇತ್ತು. ಬಿಡುಗಡೆಯಾದ ವಾರ ಶಿವಲಿಂಗಮ್ಮ ಸೊಸೆಯ ಫೋನಿನಿಂದ ಮಾತಾಡಿದರು. "ನಾನೂ ನೋಡ್ಬೇಕು ಕಣಮ್ಮ." ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ನಾನೇ ಬಟ್ಟೆಯನ್ನು ಕಾರಿನಲ್ಲಿಟ್ಟುಕೊಂಡು ಮಧುಗಿರಿಗೆ ಹೋದೆ. ಅವರನ್ನು ಕೂರಿಸಿಕೊಂಡು ಶಿರಾದ ಚಿತ್ರಮಂದಿರಕ್ಕೆ ಮ್ಯಾಟಿನಿ ಆಟಕ್ಕೆ ಕರೆದೊಯ್ದೆ.

ಚಿತ್ರಮಂದಿರ ಕಿಕ್ಕಿರಿದಿತ್ತು. ಮೊದಲರ್ಧದಲ್ಲಿ ಹುಡುಗಿ ಸೈಕಲ್ ಮೇಲೆ ಬಂದಳು, ಗೆಳತಿಯರ ಜೊತೆ ಕಡಲೆಕಾಯಿ ಬಿಡಿಸುತ್ತಾ ನಕ್ಕಳು. ಶಿವಲಿಂಗಮ್ಮ ನನ್ನ ಮಣಿಕಟ್ಟು ಹಿಡಿದು, "ಅಗೋ, ಬಂದ್ಲು," ಎಂದು ಪಿಸುಗುಟ್ಟಿದರು. ಹಿಂದಿನ ಸಾಲಿನವರು ನೋಡುವಷ್ಟು ಜೋರಾಗಿಯೇ ನಕ್ಕರು.

ಇಂಟರ್‌ವಲ್ ಆದಮೇಲೆ ಅವಳು ದೆವ್ವವಾದಳು. ಅದೇ ಹಸಿರು, ಅದೇ ಹಳದಿ. ಮೇಲೆ ಸುಣ್ಣದಂಥ ಮುಖ, ಬಿಳಿಯ ಕಣ್ಣು. ಜನ ಕಿರುಚಿದರು. ಮೂರು ಭಾಗಗಳಿಂದ ಅವಳ ಅಂತ್ಯಕ್ಕೆ ಕಾದಿದ್ದ ಜನ ಅದು. ಬೆಂಕಿ ಹೊತ್ತಿಕೊಂಡಾಗ ಒಬ್ಬ, "ಸುಡ್ರೋ ಅವ್ಳನ್ನ!" ಎಂದು ಕೂಗಿದ. ಶಿಳ್ಳೆ ಎದ್ದಿತು. ಕಾಗದದ ಚೂರುಗಳನ್ನು ತೂರಿದರು. ಲಂಗದ ಅಂಚು ಕರಿಯಾಗುತ್ತಾ ಮೇಲೇರಿತು. ನಕಲನ್ನು ಅಸಲಿನಂತೆ ಕಾಣಿಸುವುದರಲ್ಲಿ ನಾನು ಎಲ್ಲಿಯೂ ತಪ್ಪಿರಲಿಲ್ಲ.

ಪಕ್ಕಕ್ಕೆ ತಿರುಗಿದೆ. ಶಿವಲಿಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು.

"ಹೋಗೋಣ್ವಾ ಅಮ್ಮ?" ಎಂದೆ.

"ಇರು, ಮುಗೀಲಿ. ಅರ್ಧಕ್ಕೆ ಬುಟ್ಟೋಗ್ಬಾರ್ದು."

ಕೊನೆಯವರೆಗೂ ಕೂತರು. ಜನ ಚಪ್ಪಾಳೆ ಹೊಡೆದು, ನಗುತ್ತಾ, ಸೆಲ್ಫಿ ತೆಗೆದುಕೊಳ್ಳುತ್ತಾ ಹೊರಗೆ ಹೋದರು. ಕಾರು ಶಿರಾ ಬಿಟ್ಟ ಮೇಲೆ ಅವರು ಕೇಳಿದರು.

"ಅವ್ರಿಗೆಲ್ಲ ಯಾಕಮ್ಮ ಅಷ್ಟೊಂದು ಸಂತೋಸ?"

ದೆವ್ವ ಸತ್ತಿತಲ್ಲ, ಹೆದರಿದ್ದರು, ಅದಕ್ಕೆ ಎಂದೆ.

"ಸುಟ್ಟಿದ್ದು ನಕಲು ಅಂತ ನಂಗೂ ಗೊತ್ತು ಬುಡು. ನೀನೇ ತೋರ್ಸಿದ್ದೆ." ಕಿಟಕಿಯ ಕಡೆ ತಿರುಗಿದರು. "ನಮ್ ನಿರ್ಮಲಾ ಹೋದಾಗ ಇಡೀ ಬೀದಿ ಅತ್ತಿತ್ತು ಕಣಮ್ಮ. ಒಬ್ರ ಮನೇಲೂ ಒಲೆ ಹಚ್ಚಿರ್ಲಿಲ್ಲ."

ಮನೆ ಮುಂದೆ ಕಾರು ನಿಂತಾಗ ಬಟ್ಟೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಅವರಿಗೆ ನೀಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ನೀನೇ ಇಟ್ಕ. ಮುಂಚೆ ಈ ಬಟ್ಟೆ ನೋಡಿದ್ರೆ ನನ್ ಮಗಳ ಮೊಕ ಬರೋದು. ಈಗ ಕಣ್ಮುಚ್ಚಿದ್ರೆ ಆ ಹುಡ್ಗಿ ಮೊಕವೇ ಬತ್ತೈತೆ. ಸುಣ್ಣ ಬಳ್ಕಂಡಿದ್ದ ಮೊಕ."

"ಫೋಟೋ ಇಲ್ವಾ ಅಮ್ಮ?"

"ಕಾಲೇಜಿನೋರೆಲ್ಲ ನಿಂತ್ಕಂಡಿರೋದು ಒಂದೈತೆ. ಕಡ್ಲೆಕಾಳಷ್ಟಗಲ ಕಾಣ್ತಾಳೆ. ಕಣ್ಣು ಯಾವ್ದು, ಮೂಗು ಯಾವ್ದು ಗೊತ್ತಾಗಕಿಲ್ಲ." ಅವರ ದನಿ ಮೊದಲ ಬಾರಿ ಒಡೆಯಿತು. "ಇಷ್ಟು ವರ್ಸ ನನ್ ತಲೇಲಿ ಇದ್ಲು. ಎಲ್ಲೋದ್ಲು?"

ಸೊಸೆ ಓಡಿಬಂದು ಅವರನ್ನು ಹಿಡಿದುಕೊಂಡು ಒಳಗೆ ಕರೆದೊಯ್ದಳು. ನಾನು ಪೊಟ್ಟಣ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದೆ.

ಚಿತ್ರ ಗೆದ್ದಿತು. ಉಡುಪುಗಳಿಗೆ ಒಳ್ಳೆಯ ಹೆಸರು ಬಂತು. ಆ ಗುಂಪಿನ ಫೋಟೋವನ್ನು ಸೊಸೆಯಿಂದ ತರಿಸಿಕೊಂಡು ದೊಡ್ಡದು ಮಾಡಿಸಲು ನೋಡಿದೆ. ಹಿಗ್ಗಿಸಿದಷ್ಟೂ ಮುಖ ಬರಿಯ ಬೂದು ಚುಕ್ಕೆಗಳಾಯಿತು. ಅದನ್ನು ಅವರಿಗೆ ತೋರಿಸಲಿಲ್ಲ.

ನೋಡುವವರು ನಂಬುವಂತೆ ಉಡಿಸುವುದು ನನ್ನ ಕಸುಬು. ಒಂದು ಕೆಲಸವನ್ನು ಚೆನ್ನಾಗಿ ಮಾಡಿದ್ದರಿಂದಲೇ ಒಬ್ಬರಿಂದ ಏನನ್ನೋ ಕಿತ್ತುಕೊಂಡಂತಾಗಬಹುದು ಎಂಬುದನ್ನು ಈ ವೃತ್ತಿ ನನಗೆ ಮಧುಗಿರಿಯಲ್ಲಿ ಕಲಿಸಿತು. ಅಂದಿನಿಂದ ಯಾರ ಮನೆಯ ಬಟ್ಟೆಯನ್ನೂ ನಾನು ಸಿನಿಮಾಕ್ಕೆ ಕೇಳಿಲ್ಲ. ಹೊಸತಾಗಿ ಕಾಣುತ್ತದೆ ಎಂದು ನಿರ್ದೇಶಕರು ಗೊಣಗಿದರೆ, ಗೊಣಗಲಿ ಎಂದು ಸುಮ್ಮನಿರುತ್ತೇನೆ.

ಲಂಗ ದಾವಣಿ ಈಗ ನನ್ನ ಬೀರುವಿನಲ್ಲಿ, ನನ್ನ ಸೀರೆಗಳ ನಡುವೆ ಇದೆ. ಶಿವಲಿಂಗಮ್ಮ ಆಗಾಗ ಫೋನ್ ಮಾಡುತ್ತಾರೆ. ಊಟ, ಆರೋಗ್ಯದ ಮಾತೆಲ್ಲ ಮುಗಿದ ಮೇಲೆ, ಗಂಡನ ಮನೆಗೆ ಕಳಿಸಿದ ಮಗಳನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಾರೆ:

"ಹೆಂಗವ್ಳೆ?"

"ಚೆನ್ನಾಗಿದ್ದಾಳೆ ಅಮ್ಮ," ಎನ್ನುತ್ತೇನೆ.