ಅಮೀನಾಬಿ ಉಳಿಸಿದ ಬೀಜ

ಐದಾರು ವರ್ಷಗಳ ಹಿಂದೆ ನಾನು ಹುಮನಾಬಾದ್ ತಾಲ್ಲೂಕಿನಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಆ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತವೊಂದು ನಮ್ಮ ಕಡೆ ತಿರುಗಿ, ಬಿಡದ ಮಳೆಯಾಗಿ ಸುರಿಯಿತು. ಕೊಯ್ದು ಹೊಲದಲ್ಲಿ ಬಣವೆ ಹಾಕಿದ್ದ ಸೋಯಾಬೀನ್ ಮೂರು ದಿನ ನೆನೆದು ಅಲ್ಲೇ ಮೊಳೆಯಿತು. ಹೋದ ಬೆಳೆಗಿಂತ, ಮುಂದಿನ ಜೂನ್‌ನಲ್ಲಿ ಬಿತ್ತುವ ಬೀಜ ಎಲ್ಲಿಂದ ತರುವುದೆಂಬುದೇ ರೈತರಿಗೆ ದೊಡ್ಡ ಚಿಂತೆಯಾಗಿತ್ತು.

ಹಾನಿ ಸಮೀಕ್ಷೆಗೆ ಹುಡಗಿ ಎಂಬ ಊರಿನ ಸಮೀಪದ ಒಂದು ಹಳ್ಳಿಗೆ ಹೋದೆ. ಒಂದೇ ದಿನದಲ್ಲಿ ನಾಲ್ಕು ಊರು ಮುಗಿಸುವ ಆತುರ. ಅಲ್ಲಿ ಅಮೀನಾಬಿ ಎಂಬ ರೈತ ಮಹಿಳೆ ತೊಗರಿ ಕಟ್ಟಿಗೆ ಹಾಸಿ, ಅದರ ಮೇಲೆ ಬಣವೆ ಒಟ್ಟಿದ್ದರು. ನಡುವಿನ ಕಾಳು ಅಷ್ಟಾಗಿ ಕೆಟ್ಟಿರಲಿಲ್ಲ. ಊರಿನ ಉಳಿದವರ ಬಳಿಯೂ ಅಂಥ ಕಾಳು ಅಷ್ಟಿಷ್ಟು ಇತ್ತು. ನಾನು ಒಂದು ಹಿಡಿ ತೆಗೆದುಕೊಂಡು ಕಪ್ಪು ಚುಕ್ಕೆ ನೋಡಿ, "ಇದು ಬೀಜಕ್ಕೆ ಬರೋದಿಲ್ಲ, ಎಲ್ಲರೂ ಮಾರಿಬಿಡಿ" ಎಂದೆ.

"ಸಾಹೇಬ್ರ, ನೂರು ಕಾಳು ಹಸಿ ಗೋಣ್ಯಾಗ ಸುತ್ತಿಟ್ಟು ಮೊಳಕಿ ಎಣಸ್ರಿ ಅಂತ ನೀವೇ ಹೇಳ್ತೀರಲ್ರಿ?" ಎಂದರು ಅಮೀನಾಬಿ.

ನಿಜ. ಮೊಳಕೆ ಪರೀಕ್ಷೆ ಎಂದರೆ ಅದೇ. ನೂರರಲ್ಲಿ ಎಪ್ಪತ್ತು ಮೊಳೆತರೆ ಬಿತ್ತಬಹುದು. ಎಷ್ಟೋ ಸಭೆಗಳಲ್ಲಿ ನಾನೇ ಮಾಡಿ ತೋರಿಸಿದ್ದೆ. ಆದರೆ ನಾಲ್ಕು ಜನರ ಮುಂದೆ ನನ್ನ ಪಾಠವನ್ನು ನನಗೇ ಒಪ್ಪಿಸಿದ್ದು ಮೈ ಉರಿಸಿತು. "ಆಫೀಸರ್ ನೀನೋ ನಾನೋ?" ಎಂದುಬಿಟ್ಟೆ. ಅವರು ಹಿಂದೆ ಸರಿದು ನಿಂತರು. ಊರವರು ನನ್ನ ಮಾತು ನಂಬಿ, ಇದ್ದ ಕಾಳನ್ನೆಲ್ಲ ಹುಮನಾಬಾದ್ ಮಾರುಕಟ್ಟೆಗೆ ಸಾಗಿಸಿದರು.

ಜೂನ್‌ನಲ್ಲಿ ಹೊರಗಿನಿಂದ ತರಿಸಿದ ಬೀಜ ಬಿತ್ತಿದರು. ಅರ್ಧಕ್ಕರ್ಧ ಏಳಲೇ ಇಲ್ಲ. ಹದ ಮೀರುವ ಮುನ್ನ ಮರುಬಿತ್ತನೆ ಆಗಬೇಕಿತ್ತು, ಬೀಜ ಎಲ್ಲಿಯೂ ಸಿಗಲಿಲ್ಲ. ಶಾಲೆಯ ಅಂಗಳದಲ್ಲಿ ಸೇರಿದ್ದ ಸಭೆಗೆ ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅಮೀನಾಬಿ ಎದ್ದು ಬಂದು ಒಂದು ಹಸಿ ಗೋಣಿ ಬಿಚ್ಚಿದರು. ನೂರಕ್ಕೆ ಎಪ್ಪತ್ತೆಂಟು ಕಾಳು ಮೊಳೆತಿದ್ದವು. ಅವರು ತಮ್ಮ ಕಾಳು ಮಾರಿರಲಿಲ್ಲ; ಅರ್ಧ ಬೀಜ ಮನೆಯಲ್ಲಿ, ಇನ್ನರ್ಧ ಬಸವಕಲ್ಯಾಣ ಕಡೆಯ ನಾರಾಯಣಪುರದ ಮಗಳ ಮನೆಯಲ್ಲಿ ಇಟ್ಟಿದ್ದರು.

"ಒಂದ್ ಕಡೆ ನೀರ್ ಹೊಕ್ಕರ ಇನ್ನೊಂದ್ ಕಡೆ ಉಳೀತದ್ರಿ. ಹಂಚ್ಕೊಳ್ರಿ, ಸುಗ್ಗಿ ರಾಶಿ ಆದ್ಮ್ಯಾಲ ಅಷ್ಟೇ ಬೀಜ ವಾಪಸ್ ಕೊಡ್ರಿ," ಎಂದರು.

ಅದು ಹನ್ನೆರಡು ಮನೆಗಳಿಗೆ ಒಂದೊಂದು ಎಕರೆಗೆ ಸಾಕಾಯಿತು. ಉಳಿದವರು ಬರಿಗೈಯಲ್ಲಿ ಹೋದರು. ಮಾರಿದ ಕಾಳು ಊರಲ್ಲೇ ಇದ್ದಿದ್ದರೆ ಅವರ ಹೊಲವೂ ತುಂಬುತ್ತಿತ್ತು.

"ಈ ಅಕಲ್, ಈ ಬುದ್ಧಿ ಯಾರು ಕಲಿಸಿದ್ರವ್ವಾ?" ಒಬ್ಬ ಹಿರಿಯರು ಕೇಳಿದರು.

"ಸಾಹೇಬ್ರೇ ಕಲಿಸ್ಯಾರ್ರಿ," ಎಂದರು ಅಮೀನಾಬಿ. ದನಿಯಲ್ಲಿ ಕೊಂಕು ಇರಲಿಲ್ಲ. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಅದನ್ನು ಸ್ವೀಕರಿಸಿದೆ.

ಈಗ ಆ ಊರಿನಲ್ಲಿ ಬಣವೆಗಳೆಲ್ಲ ಕಟ್ಟಿಗೆಯ ಹಾಸಿನ ಮೇಲೆ ಏಳುತ್ತವೆ, ಪ್ರತಿ ಮನೆಯ ಬೀಜ ಎರಡು ಊರುಗಳಲ್ಲಿ ಇರುತ್ತದೆ. ಆಮೇಲೆಯೂ ಜೋರು ಮಳೆ ಬಂದಿದೆ, ಬೀಜಕ್ಕೆ ಅವರು ಯಾರ ಬಾಗಿಲಿಗೂ ಹೋಗಿಲ್ಲ.

ಕಣ್ಣಂದಾಜಿನಲ್ಲಿ ತೀರ್ಪು ಕೊಡಬೇಡಿ, ಎಣಿಸಿ ನೋಡಿ ಎಂದು ನಿವೃತ್ತಿಯವರೆಗೂ ಕಿರಿಯರಿಗೆ ಹೇಳಿದೆ. ಆ ಪಾಠ ಕಲಿಸಿದ್ದು ನಾನು ಗದರಿಸಿ ಬಾಯಿ ಮುಚ್ಚಿಸಿದ ಹೆಂಗಸು ಎಂಬುದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ಬೀಜದ ತಪ್ಪನ್ನು ಆತುರದ ಲೆಕ್ಕಕ್ಕೆ ಹಾಕಬಹುದೇನೋ. ಚಪ್ಪಾಳೆಗೆ ಕೈಮುಗಿದಾಗ ನನಗೆ ಯಾವ ಆತುರವೂ ಇರಲಿಲ್ಲ.