ಹಂದಿ ಹೋಯ್ತೇನಮ್ಮಾ?

ಅವರ ಮೂಗು ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಉದ್ದನೆಯ, ತುದಿಯಲ್ಲಿ ತುಸು ಎಡಕ್ಕೆ ವಾಲಿದ, ಬೇಸಿಗೆಯಲ್ಲಿ ಕೆಂಪೇರುವ ಮೂಗು. ಗಂಗೆಯ ದಡದ ಬಂಗಾಲಿ ಟೋಲಾದ ನಮ್ಮ ಗಲ್ಲಿಯವರೆಲ್ಲ ಮೊಬೈಲಿನಲ್ಲಿ ಹವಾಮಾನ ನೋಡಿದರೆ, ಪಕ್ಕದ ಮನೆಯ ಪುರೋಹಿತರು ತಾರಸಿಯಲ್ಲಿ ನಿಂತು ಎರಡು ಸಲ ಗಾಳಿ ಮೂಸುತ್ತಿದ್ದರು. ಧೂಳಿನ ಬಿರುಗಾಳಿಗೆ ಇಲ್ಲಿ ಆಂಧಿ ಎನ್ನುತ್ತಾರೆ. ಅದರ ವಾಸನೆ ಸಿಕ್ಕಿತೋ, ಪಂಚೆ ಎತ್ತಿ ಕಟ್ಟಿ, ಮನೆಗೆ ದಿಬ್ಬಣ ಬಂತೆನ್ನುವಂತೆ ಕೂಗುವರು: “ಆಂಧಿ ಬಂತೂ! ಖಿಡ್ಕಿ ಹಾಕ್ಕೊಳ್ರೋ!”

ಅವರ ಹಿರಿಯರು ಕರ್ನಾಟಕ ಬಿಟ್ಟು ನಾಲ್ಕು ತಲೆಮಾರಾಗಿತ್ತು. ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ಅವರ ವೃತ್ತಿ. ನಾನು ಮಂಡ್ಯದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರ. ಮಗಳಿಗೆ ಉಬ್ಬಸ, ಅವಳಿಗೆಂದೇ ಬಾಡಿಗೆ ಮನೆಯ ಕಿಟಕಿಗೆ ಏಸಿ ಕೂರಿಸಿದ್ದೆ. ಪುರೋಹಿತರ ಮಡಿ ಮಾತ್ರ ನನಗೆ ಕಿರಿಕಿರಿ. ಗಂಗೆಯಲ್ಲಿ ಮಿಂದು ಬರುವಾಗ ಎದುರಾದರೆ, “ದೂರ, ಬ್ಯಾಂಕಿನವ್ರೇ, ದೂರ!” ಎನ್ನುತ್ತಾ ಗೋಡೆಗೆ ಅಂಟಿಕೊಂಡು ನುಸುಳುವರು.

ನಾವು ಬಂದ ಮೊದಲ ಬೇಸಿಗೆ, ಒಂದು ಭಾನುವಾರ ಮಧ್ಯಾಹ್ನ, ಆ ಕೂಗನ್ನು ನಾನು ಮೊದಲ ಬಾರಿ ಕೇಳಿದೆ. ನಮ್ಮೂರ ಕಡೆ ಹಂದಿಗೆ ‘ಅಂದಿ’ ಎನ್ನುವುದೇ ರೂಢಿ. ನನ್ನ ಕಿವಿಗೆ ಬಿದ್ದದ್ದೂ ಅದೇ. ಗಲ್ಲಿಗೆ ಹಂದಿ ನುಗ್ಗಿದೆ ಎಂದು ಪೊರಕೆ ಹಿಡಿದು, ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊರಗೆ ಹಾರಿದೆ! ಹಂದಿ ಎಲ್ಲಿಯದು? ಗಲ್ಲಿಯ ಆ ತುದಿಯಿಂದ ಹಳದಿ ಗೋಡೆಯೊಂದು ಓಡಿ ಬಂದು ನನ್ನನ್ನೂ ಪೊರಕೆಯನ್ನೂ ನುಂಗಿತು.

ಕಣ್ಣುಜ್ಜುತ್ತಾ ಒಳಗೋಡಿದರೆ ಮನೆ ತುಂಬ ಧೂಳು. ಏಸಿ ಬೇರೆ, ಹೊರಗಾಳಿಯ ಕಿಂಡಿ ತೆರೆದುಕೊಂಡು, ಅದನ್ನೇ ತಣ್ಣಗೆ ಮಾಡಿ ಊದುತ್ತಿತ್ತು. ಮಗಳು ಉಸಿರಿಗೆ ಒದ್ದಾಡುತ್ತಿದ್ದಳು. ಹೆಂಡತಿ ಇನ್‌ಹೇಲರ್‌ಗಾಗಿ ತಡಕಾಡುತ್ತಿದ್ದಳು. ನಾನು ಪೊರಕೆ ಹಿಡಿದೇ ಅತ್ತಿಂದಿತ್ತ ಓಡಾಡಿದೆ.

ಆಗ ನುಗ್ಗಿದರು ಪುರೋಹಿತರು! ಶ್ರಾದ್ಧಕ್ಕೆಂದು ಆಗಷ್ಟೇ ಕೇದಾರ ಘಾಟಿನಲ್ಲಿ ಮುಳುಗಿ ಬಂದಿದ್ದ ಒದ್ದೆ ಮಡಿಯಲ್ಲೇ.

“ಪೆಹಲೇ ಏಸಿ ಬಂದ್ ಮಾಡ್ರೀ! ಆ ಕಿಂಡಿ ಮುಚ್ರೀ!”

ಹೆಗಲ ಮೇಲಿನ ಒದ್ದೆ ಉತ್ತರೀಯವನ್ನು ಎಳೆದು ಏಸಿಯ ಸುತ್ತಲಿನ ಸಂದಿಗೆ ತುರುಕಿದರು. ಮಗಳನ್ನು ಬಾಚಿ ಎತ್ತಿಕೊಂಡು ಕಿಟಕಿಯಿಲ್ಲದ ಒಳಕೋಣೆಗೆ ಒಯ್ದರು, ಬಾಗಿಲ ಕೆಳಗೆ ಒದ್ದೆ ಟವೆಲ್ ಇಡಿಸಿದರು. ಇನ್‌ಹೇಲರ್ ಸಿಕ್ಕಿತು. ಎದೆಯ ಸುಯ್‌ ಸುಯ್ ನಿಧಾನಕ್ಕೆ ಇಳಿಯಿತು.

“ಸ್ವಾಮಿ, ನಿಮ್ಮ ಮಡಿ…” ಎಂದೆ.

“ಗಂಗೆ ಎಲ್ಲಿಗೂ ಓಡಿಹೋಗಲ್ಲ, ಇನ್ನೊಂದ್ಸಲ ಮುಳುಗ್ತೀನಿ. ಅದಿರ್ಲಿ, ನಿಮ್ಮ ಕೈಯಲ್ಲಿ ಪೊರಕೆ ಯಾಕೆ?”

ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಮಗಳೂ ನಕ್ಕಳು. ನಾನು ಮಾತ್ರ ಅತ್ತುಬಿಟ್ಟೆ.

ಮರುದಿನ ಏಸಿಯ ಜಾಲರಿ ಕಳಚಿಸಿ ಪಾಠ ಮಾಡಿದರು. “ಇದು ಏಸಿಯ ಮಡಿಪಂಚೆ. ಬರೀ ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸ್ಬೇಕು. ಪೂರ್ತಿ ಒಣಗೋ ತನಕ ಏಸಿ ಹಚ್ಚೋ ಹಾಗಿಲ್ಲ, ಸಮಝೆ?” ನೆಲಕ್ಕೆ ಪೊರಕೆಯೂ ನಿಷಿದ್ಧ, ಧೂಳು ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯೇ ಆಗಬೇಕು. ಉತ್ತರೀಯ ಒಗೆದು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಪ್ರತಿ ಆಂಧಿ ನಿಂತ ಮೇಲೂ ತಾರಸಿಯಿಂದ ಮಗಳನ್ನು ಕೇಳುವರು: “ಹಂದಿ ಹೋಯ್ತೇನಮ್ಮಾ?”

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣಿಕರ್ಣಿಕಾ ಘಾಟಿನವರೆಗೆ ನಾನೂ ಹೆಗಲು ಕೊಟ್ಟೆ.

ಈ ಬೇಸಿಗೆಯ ಮೊದಲ ಆಂಧಿಗೆ ಯಾರೂ ಕೂಗಲಿಲ್ಲ. ಕಿಟಕಿಯಲ್ಲಿ ನಿಂತಿದ್ದ ಮಗಳು ಎರಡು ಸಲ ಮೂಸಿ ಕಿರುಚಿದಳು: “ಅಪ್ಪಾ, ಅಂದಿ!” ಓಡಿದೆವು ನೋಡಿ! ಏಸಿ ಬಂದ್, ಕಿಂಡಿ ಬಂದ್, ಅವರ ಉತ್ತರೀಯ ಬಕೆಟ್ಟಿಗೆ, ಅಲ್ಲಿಂದ ಸಂದಿಗೆ. ಹಳದಿ ಗೋಡೆ ಬಂದು ಅಪ್ಪಳಿಸಿತು. ಒಳಕೋಣೆಯಲ್ಲಿ ಮಗಳು ಏದುಸಿರಿಲ್ಲದೆ ಹರಟುತ್ತಲೇ ಇದ್ದಳು. ಆ ಹರಟೆ ನನಗೆ ಅವರು ಕೊಟ್ಟು ಹೋದದ್ದು.

ಗಾಳಿ ನಿಂತಿತು. ಮೂವರೂ ಪಕ್ಕದ ತಾರಸಿಯತ್ತ ಕಿವಿಗೊಟ್ಟೆವು. ಆಮೇಲೆ ಮಗಳು ಎದ್ದು ದಡದಡ ತಾರಸಿ ಹತ್ತಿದಳು. ಪಕ್ಕದ ಖಾಲಿ ತಾರಸಿಯತ್ತ ತಿರುಗಿ, ಇಡೀ ಎದೆ ತುಂಬ ಉಸಿರೆಳೆದು ಕೂಗಿದಳು:

“ತಾತಾ, ಹಂದಿ ಹೋಯ್ತೂ!”